ಮಗುವಿಗೆ ರೋಬಾಟಿಕ್ಸ್: ಕಿಟ್ ಕೊಳ್ಳುವ ಮೊದಲು ಏನು ಮಾಡಿಸಬಹುದು?

ಗಂಗಾವತಿಯ ತಾಯಿಯೊಬ್ಬರ ಕೋರಿಕೆ

ನನ್ನ ಮಗ ಐದನೆಯ ತರಗತಿಯಲ್ಲಿದ್ದಾನೆ. ಕೈಗೆ ಸಿಕ್ಕ ಆಟಿಕೆಯನ್ನೆಲ್ಲ ಬಿಚ್ಚಿ ನೋಡುವ ಅವನ ಚಟವನ್ನು ಕಂಡ ಬಂಧುಗಳು ರೋಬಾಟಿಕ್ಸ್ ತರಗತಿಗೆ ಸೇರಿಸುವಂತೆ ಹೇಳುತ್ತಿದ್ದಾರೆ. ವಿಚಾರಿಸಲು ಹೋದಾಗ ಕೇಂದ್ರದವರು ಮೊದಲು ಆರು ಸಾವಿರ ರೂಪಾಯಿಯ ಕಿಟ್ ಕೊಳ್ಳಬೇಕು, ಪಾಠ ಆಮೇಲೆ ಎಂದರು. ಮನೆಯಲ್ಲಿ ವಿಜ್ಞಾನ ಓದಿದವರು ಯಾರೂ ಇಲ್ಲ. ಮಕ್ಕಳೊಡನೆ ಇಂಥ ಪ್ರಯೋಗಗಳನ್ನು ಮಾಡಿರುವವರು, ಯಾವುದು ಕೈಗೂಡಿತು, ಯಾವುದು ಕೆಟ್ಟಿತು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ರಾಯಚೂರಿನ ಪ್ರೌಢಶಾಲಾ ಶಿಕ್ಷಕರು

ಮೇಡಂ, ಕೈಪಿಡಿ ನೋಡಿಕೊಂಡು ತಂತಿ ಜೋಡಿಸಿದ ಮಗುವಿಗೆ ಗಾಡಿ ಓಡಿದ ಸಂತೋಷ ಸಿಗುತ್ತದೆಯೇ ಹೊರತು ಅದು ಏಕೆ ಓಡಿತೆಂಬುದು ತಿಳಿಯುವುದಿಲ್ಲ. ಮೂರು ವರ್ಷ ಕಿಟ್ ಹಿಡಿದೇ ಪಾಠ ಮಾಡಿದ ನಾನು ಈ ಮಾತನ್ನು ತಡವಾಗಿ ಒಪ್ಪಿಕೊಂಡೆ.

ನಮ್ಮ ಮಕ್ಕಳ ಕಣ್ಣು ತೆರೆಸಿದ್ದು ಒಂದು ತಪ್ಪು ಲೆಕ್ಕ. ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂದು ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರನ್ನು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ, ವರಾಂಡದ ಗೋಡೆಯಿಂದ ಸರಿಯಾಗಿ 100 ಸೆಂಟಿಮೀಟರ್ ದೂರದಲ್ಲಿ ಇಟ್ಟಿದ್ದೆವು. ಏಪ್ರಿಲ್ ತಿಂಗಳ ಮಧ್ಯಾಹ್ನ. ಉಷ್ಣಮಾಪಕ 42 ಡಿಗ್ರಿ ತೋರಿಸುತ್ತಿತ್ತು. ಪರದೆಯ ಮೇಲೆ ಬಂದ ಅಂಕಿ 96. ಮಕ್ಕಳು ಟೇಪು ಹಿಡಿದು ಮೂರು ಸಲ ಅಳೆದರು, ಸೆನ್ಸರ್ ಕೆಟ್ಟಿದೆಯೆಂದು ಬೇರೊಂದನ್ನು ಹಾಕಿದರು, ಅದೂ 96 ಎಂದೇ ಹೇಳಿತು. ಈ ಸೆನ್ಸರ್ ನಮ್ಮ ಕಿವಿಗೆ ಕೇಳಿಸದ 40 ಕಿಲೋಹರ್ಟ್ಸ್ ಶಬ್ದವನ್ನು ಬಿಡುತ್ತದೆ. ಅದು ಗೋಡೆಗೆ ತಾಗಿ ಮರಳಲು ಹಿಡಿದ ಸಮಯದಿಂದ ನಾವು ದೂರವನ್ನು ಲೆಕ್ಕ ಹಾಕುತ್ತೇವೆ. ಪ್ರೋಗ್ರಾಮಿನಲ್ಲಿ ನಾವು ಬರೆದಿದ್ದ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದು 20 ಡಿಗ್ರಿಯ ತಂಪು ಗಾಳಿಗೆ ಸರಿ. ಉಷ್ಣತೆ ಒಂದು ಡಿಗ್ರಿ ಏರಿದರೆ ವೇಗ ಸುಮಾರು 0.6 ಮೀಟರ್ ಹೆಚ್ಚುವುದರಿಂದ, ನಮ್ಮ ವರಾಂಡದಲ್ಲಿ ಅದು 356ನ್ನು ದಾಟಿತ್ತು. ಶಬ್ದ ಬೇಗ ಮರಳಿ ಬಂದದ್ದರಿಂದ ಗೋಡೆಯೇ ಹತ್ತಿರವಿದ್ದಂತೆ ಲೆಕ್ಕ ಬಂತು. ಆ ಒಂದು ಅಂಕಿಯನ್ನು ತಿದ್ದಿದೊಡನೆ ಪರದೆಯ ಮೇಲೆ 100 ಮೂಡಿತು. ಪಠ್ಯಪುಸ್ತಕದ ಶಬ್ದದ ಪಾಠವನ್ನು ನಾನು ಎಷ್ಟೇ ಚೆನ್ನಾಗಿ ಹೇಳಿದ್ದರೂ ಅಷ್ಟು ಗದ್ದಲ ಆಗುತ್ತಿರಲಿಲ್ಲ.

ನಿಮ್ಮ ಮಗ ಮುಂದಿನ ವರ್ಷ ಆರನೆಯ ತರಗತಿಗೆ ಬರುತ್ತಾನೆ. ಹತ್ತಿರದ ಯಾವ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೆಂದು ಈಗಲೇ ವಿಚಾರಿಸಿಡಿ. 6ರಿಂದ 12ನೆಯ ತರಗತಿಯ ಮಕ್ಕಳಿಗೆಂದೇ ಇರುವ ಆ ಪ್ರಯೋಗಾಲಯಗಳಲ್ಲಿ ಇಂಥ ಬೋರ್ಡು, ಸೆನ್ಸರುಗಳು ಇರುತ್ತವೆ. ಇನ್‌ಸ್ಪೈರ್ ಮಾನಕ್ ಎಂಬ ಕೇಂದ್ರ ಸರ್ಕಾರದ ಯೋಜನೆಗೆ ಶಾಲೆಯ ಮೂಲಕ ಕಳಿಸಿದ ಮಗುವಿನ ಯೋಚನೆ ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಕಿಟ್ಟಿಗೆ ಈಗಲೇ ಹಣ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಸಿಂಧನೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ನಡೆಸುವವರು

ಮಕ್ಕಳ ಗಾಡಿ ಓಡುತ್ತಿಲ್ಲವೆಂದು ನನ್ನ ಅಂಗಡಿಗೆ ಹೊತ್ತು ತರುವವರಲ್ಲಿ ಹೆಚ್ಚಿನವರ ತೊಂದರೆ ಪ್ರೋಗ್ರಾಮಿನದಲ್ಲ, ಬ್ಯಾಟರಿಯದು. ಚೌಕಾಕಾರದ 9 ವೋಲ್ಟ್ ಬ್ಯಾಟರಿಗೆ ವೋಲ್ಟೇಜ್ ಇದ್ದರೂ ಮೋಟರಿಗೆ ಬೇಕಾದಷ್ಟು ಕರೆಂಟ್ ಕೊಡುವ ತ್ರಾಣ ಇಲ್ಲ. ಮೋಟರ್ ಎಳೆದೊಡನೆ ವೋಲ್ಟೇಜ್ ಕುಸಿದು ಬೋರ್ಡ್ ಆರಿ ಮತ್ತೆ ಹೊತ್ತುತ್ತದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಕೆಲಸ ನಡೆಯುತ್ತದೆ.

ಮೊದಲ ಆಟಿಕೆಗೆ ಬೋರ್ಡೂ ಬೇಡ. ಕೆಟ್ಟ ಮೊಬೈಲಿನ ವೈಬ್ರೇಟರ್ ಮೋಟರನ್ನು ಹಲ್ಲುಜ್ಜುವ ಬ್ರಷ್ಷಿನ ತಲೆಯ ಮೇಲೆ ಅಂಟಿಸಿ, ಬಟನ್ ಸೆಲ್ಲಿಗೆ ಜೋಡಿಸಿದರೆ ಅದು ಜೀರುಂಡೆಯಂತೆ ಹರಿದಾಡುತ್ತದೆ. ಆದರೆ ಆ ಸೆಲ್ ಚಿಕ್ಕ ಮಕ್ಕಳ ಕೈಗೆ ಸಿಗಲೇಬಾರದು: ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಟ್ಟೀತು. ನುಂಗಿದ ಅನುಮಾನ ಬಂದರೂ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಮುನಿರಾಬಾದಿನ ತಂದೆಯೊಬ್ಬರು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋದಾಗ ಊರೆಲ್ಲ ಅದೇ ಮಾತು. ಚೈನ್ ಕಡಿದರೆ ಗೇಟು ಅಲ್ಲೇ ಕೆಳಗೆ ಬೀಳಬೇಕಲ್ಲ, ಕೊಚ್ಚಿಕೊಂಡು ಏಕೆ ಹೋಯಿತು ಎಂದು ನಾಲ್ಕನೆಯ ತರಗತಿಯಲ್ಲಿದ್ದ ಮಗಳು ಕೇಳಿದಳು. ಉತ್ತರ ಹೊಳೆಯದೆ, ಚಪ್ಪಲಿ ಡಬ್ಬಿಯೊಂದನ್ನು ಕತ್ತರಿಸಿ ಗೇಟು ಮಾಡಲು ಇಬ್ಬರೂ ಕುಳಿತೆವು.

ಔಷಧಿ ಅಂಗಡಿಯಿಂದ ಸೂಜಿಯಿಲ್ಲದ 5 ಮಿಲಿ ಮತ್ತು 10 ಮಿಲಿ ಸಿರಿಂಜ್ ತಂದು, ನಡುವೆ ಸಲೈನ್ ನಳಿಕೆ ಹಾಕಿ, ಕುಂಕುಮದ ನೀರು ತುಂಬಿದೆವು. ಚಿಕ್ಕದನ್ನು ಒತ್ತಿದರೆ ದೊಡ್ಡದರ ದಂಡ ಅಷ್ಟು ದೂರ ಸರಿಯುವುದಿಲ್ಲ, ಆದರೆ ಹೆಚ್ಚಿನ ಭಾರ ಎತ್ತುತ್ತದೆ. ಮೊದಲ ಸಲ ಗೇಟು ಅಲುಗಾಡಲೇ ಇಲ್ಲ. ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದವಳು ಮಗಳು: ಕೆಂಪು ನೀರಿನ ನಡುವೆ ಹೆಸರುಕಾಳಿನಷ್ಟು ಗಾಳಿಗುಳ್ಳೆಗಳ ಸಾಲು. ಒತ್ತಿದ ಬಲವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತಿತ್ತು. ನಿಜವಾದ ಗೇಟು ಸಿರಿಂಜಿನಂತೆ ನೀರಿನ ಒತ್ತಡದಿಂದ ಏಳುವುದಿಲ್ಲ, ಚೈನು ಮತ್ತು ಪ್ರತಿಭಾರದಿಂದ ಏಳುತ್ತದೆ ಎಂಬುದನ್ನು ಅವಳಿಗೆ ಹೇಳಿಯೇ ಮುಂದುವರಿದೆ.

ಎರಡು ತಿಂಗಳ ನಂತರ ಸಿರಿಂಜಿನ ಜಾಗಕ್ಕೆ ಹೇಳಿದಷ್ಟೇ ತಿರುಗಿ ನಿಲ್ಲುವ, 9 ಗ್ರಾಂ ತೂಕದ ಸರ್ವೊ ಮೋಟರ್ ಬಂತು. ನೀರಿನೊಂದಿಗೆ ಮೇಲೇರುವ ಥರ್ಮಾಕೋಲ್ ತುಂಡು ಸ್ವಿಚ್ ಒತ್ತಿದೊಡನೆ ಗೇಟು ತಾನಾಗಿ ತೆರೆಯುತ್ತದೆ. ಗೇಟಿನ ದಾರವನ್ನು ಬೇಕೆಂದೇ ಕತ್ತರಿಸಿ, ತುಂಬಿದ ನೀರು ರಟ್ಟನ್ನು ಹೊರಗೆ ನೂಕುವುದನ್ನು ಅವಳು ನನಗೆ ತೋರಿಸಿದಳು. ಒರಸುವ ಬಟ್ಟೆ ಮೊದಲೇ ಹಾಸಿಟ್ಟುಕೊಳ್ಳಿ.

ಮಾನ್ವಿಯ ರೈತರೊಬ್ಬರು

ಗಿಡಕ್ಕೆ ತಾನಾಗಿ ನೀರು ಬಿಡುವ ಪ್ರಯೋಗವನ್ನು ಎಲ್ಲ ವಸ್ತು ಪ್ರದರ್ಶನಗಳಲ್ಲೂ ಮಾಡಿಸುತ್ತಾರೆ. ಆ ತೇವಾಂಶದ ಸೆನ್ಸರನ್ನು ಎರೆಮಣ್ಣಿನಲ್ಲಿ ನೆಟ್ಟರೆ, ಮಣ್ಣು ಒಣಗಿ ಬಿರುಕು ಬಿಟ್ಟಾಗ ಕಡ್ಡಿಗಳು ಮಣ್ಣಿಗೆ ತಾಗದೆ ಸುಳ್ಳು ಅಂಕಿ ಬರುತ್ತದೆ. ಎರಡು ಕಡ್ಡಿಯ ಅಗ್ಗದ ಸೆನ್ಸರಿಗೆ ದಿನವಿಡೀ ವಿದ್ಯುತ್ ಕೊಟ್ಟರೆ ಬೇಗ ತುಕ್ಕೂ ಹಿಡಿಯುತ್ತದೆ. ಓದುವ ಕ್ಷಣಕ್ಕೆ ಮಾತ್ರ ಕೊಡಿ.

ಕಾರಟಗಿಯಿಂದ ಒಬ್ಬರು

ಗಂಗಾವತಿಯಲ್ಲಿದ್ದೂ ರೋಬಾಟ್ ನೋಡಲು ಬೇರೆಲ್ಲಿಗೆ ಹೋಗುವಿರಿ? ಪರಿಚಯದ ರೈಸ್ ಮಿಲ್ಲಿನಲ್ಲಿ ಸಾರ್ಟೆಕ್ಸ್ ಯಂತ್ರ ತೋರಿಸಿ. ಜಾರಿ ಬೀಳುವ ಅಕ್ಕಿಯನ್ನು ಕ್ಯಾಮೆರಾ ನೋಡುತ್ತದೆ, ಕಪ್ಪು ಕಾಳು ಯಾವುದೆಂದು ಯಂತ್ರ ತೀರ್ಮಾನಿಸುತ್ತದೆ, ಗಾಳಿಯ ಪುಟ್ಟ ಹೊಡೆತವೊಂದು ಆ ಕಾಳನ್ನು ಹೊರಗೆ ಹಾರಿಸುತ್ತದೆ. ರೋಬಾಟ್ ಮಾಡುವುದೂ ಇವೇ ಮೂರು ಕೆಲಸ.

ಕೋರಿಕೆಯಿಟ್ಟ ತಾಯಿ, ಎರಡು ವಾರದ ನಂತರ

ಎಲ್ಲರಿಗೂ ಧನ್ಯವಾದಗಳು. ಕಿಟ್ ಕೊಳ್ಳಲಿಲ್ಲ. ಮಿಲ್ಲಿಗೆ ಕರೆದೊಯ್ದಿದ್ದೆ, ಹೊರಗೆ ಬಿದ್ದ ಕಾಳುಗಳಲ್ಲಿ ಬಿಳಿಯವೂ ಇದ್ದವೆಂದು ಒಂದು ಹಿಡಿ ಆರಿಸಿ ಜೇಬಿನಲ್ಲಿ ತಂದಿದ್ದಾನೆ, ಯಂತ್ರ ತಪ್ಪು ಮಾಡಿದೆಯಂತೆ. ಬ್ರಷ್ಷಿನ ಜೀರುಂಡೆಯನ್ನೂ ಮಾಡಿದ್ದೇವೆ, ಸೆಲ್ಲಿನ ಸುತ್ತ ಟೇಪು ಸುತ್ತಿ ರಾತ್ರಿ ಬೀರುವಿನಲ್ಲಿಡುತ್ತೇನೆ. ಆದರೆ ಅದು ನೇರವಾಗಿ ಹೋಗದೆ ಎಡಕ್ಕೇ ಸುತ್ತುತ್ತದೆ. ಏನು ಮಾಡಬೇಕು?

ಸಿಂಧನೂರಿನ ಅಂಗಡಿಯವರು

ಭಾರ ಒಂದೇ ಕಡೆಗೆ ಬಿದ್ದಿರಬೇಕು, ಇಲ್ಲವೇ ಎಳೆಗಳು ಒಂದು ಬದಿಗೆ ಬಾಗಿರಬೇಕು. ಸೆಲ್ಲನ್ನು ಕೂದಲೆಳೆಯಷ್ಟು ಸರಿಸಿ ನೋಡಲು ಹೇಳಿ. ಯಾವ ಕಡೆಗೆ ಎಂಬುದನ್ನು ಮಾತ್ರ ನೀವು ಹೇಳಬೇಡಿ.