ಫೇಸ್‌ಲಿಫ್ಟ್ ಆಗಿ ಎರಡು ತಿಂಗಳು, ಕಿವಿ ಹಿಂದೆ ಗಟ್ಟಿಯಾಗಿದೆ

ಪ್ರಶ್ನೆ (ಬಳ್ಳಾರಿ): ನಮಸ್ಕಾರ ಡಾಕ್ಟ್ರೇ. ನನಗೆ 54 ವರ್ಷ. ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಫೇಸ್‌ಲಿಫ್ಟ್ (ಮುಖದ ಸಡಿಲ ಚರ್ಮ ಬಿಗಿ ಮಾಡುವ ಆಪರೇಷನ್) ಮಾಡಿಸಿಕೊಂಡೆ. ಕಿವಿ ಮುಂದಿನ ಹೊಲಿಗೆ ಗೆರೆ ಪರವಾಗಿಲ್ಲ. ಹಿಂದಿನದು ಕೆಂಪಗೆ ದಪ್ಪಗಾಗಿದೆ, ತುರಿಸುತ್ತದೆ. ಮೊದಲ ತಿಂಗಳು ಹೀಗಿರಲಿಲ್ಲ. ಅತ್ತಿಗೆ ಅರಿಸಿನ ಹಚ್ಚು ಅಂತಾರೆ. ಆಪರೇಷನ್ ಕೆಟ್ಟಿದೆಯಾ?

ಉತ್ತರ (ಪ್ಲಾಸ್ಟಿಕ್ ಸರ್ಜನ್): ನೀವು ಬರೆದಿದ್ದು ನೋಡಿದರೆ ಹಾಗನ್ನಿಸುತ್ತಿಲ್ಲಮ್ಮ. ಗಾಯ ಮುಚ್ಚಿದ ಮೇಲೂ ಒಳಗೆ ಕೊಲಾಜನ್ (ಚರ್ಮಕ್ಕೆ ಗಟ್ಟಿತನ ಕೊಡುವ ನಾರು) ತುಂಬುತ್ತಲೇ ಇರುತ್ತದೆ. ಹಾಗಾಗಿ ಎರಡು, ಮೂರನೇ ತಿಂಗಳಲ್ಲಿ ಕಲೆ ಮೊದಲಿಗಿಂತ ಕೆಂಪಗೆ, ಗಟ್ಟಿಯಾಗಿ ಕಾಣುವುದು ಸಹಜ. ಮೆತ್ತಗಾಗಿ ಬಣ್ಣ ಇಳಿಯಲು 12ರಿಂದ 18 ತಿಂಗಳು ಬೇಕು. ಕಿವಿ ಹಿಂದೆ ಚರ್ಮದ ಎಳೆತ ಜಾಸ್ತಿ, ಅದಕ್ಕೇ ಅಲ್ಲೇ ದಪ್ಪ.

ಸಿಲಿಕೋನ್ ಜೆಲ್ ತೆಳ್ಳಗೆ, ದಿನಕ್ಕೆ ಎರಡು ಸಲ ಹಚ್ಚಿ. ಕನಿಷ್ಠ ಎರಡು ಮೂರು ತಿಂಗಳು ಬಿಡಬೇಡಿ. ಮಸಾಜ್ ಶುರು ಮಾಡುವ ಮುಂಚೆ ನಿಮ್ಮ ಸರ್ಜನ್‌ಗೆ ಒಂದು ಮಾತು ಕೇಳಿ. ಅರಿಸಿನ ಬೇಡ, ಚರ್ಮ ಕೆರಳಿದರೆ ತುರಿಕೆ ಹೆಚ್ಚುತ್ತದೆ. ಇನ್ನು ನಮ್ಮ ಬಳ್ಳಾರಿ ಬಿಸಿಲು! ಹೊಸ ಕಲೆಗೆ ಬಿಸಿಲು ಬಿದ್ದರೆ ನಮ್ಮಂಥ ಚರ್ಮದಲ್ಲಿ ಅದು ಕಪ್ಪಾಗಿ, ಬಹಳ ದಿನ ಉಳಿಯುತ್ತದೆ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇರದ ಸನ್‌ಸ್ಕ್ರೀನ್ ಹಚ್ಚಿ, ಮೇಲೆ ಸೆರಗು ಹೊದೆಯಿರಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಹೊರಗೆ ಸೇದಲು ಹೇಳಿ.

ಒಂದನ್ನು ಮಾತ್ರ ಗಮನಿಸಿ. ದಪ್ಪಗಾಗಿರುವುದು ಗೆರೆಯೊಳಗಷ್ಟೇ ಇದ್ದರೆ ಕಾಯಬಹುದು. ಗೆರೆ ದಾಟಿ ಪಕ್ಕದ ಚರ್ಮಕ್ಕೆ ಹಬ್ಬಿದರೆ ಅದು ಕೀಲಾಯ್ಡ್ (ಗಾಯದ ಅಂಚು ಮೀರಿ ಬೆಳೆಯುವ ಗಂಟಿನಂಥ ಕಲೆ) ಇರಬಹುದು, ಸುಮ್ನೆ ಕೂರಬೇಡಿ. ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಬಹಳಷ್ಟು ಇಳಿಯುತ್ತದೆ. ಮೊದಲು ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬಂದಿತ್ತಾ?

ಪ್ರಶ್ನಿಸಿದವರು: ಇಲ್ಲ ಡಾಕ್ಟ್ರೇ. ಆದ್ರೆ ಕಿವಿ ಹಾಲೆ ಇನ್ನೂ ಜೋಮು ಹಿಡಿದ ಹಾಗಿದೆ.

ಉತ್ತರ: ಗಂಟು ಬಂದಿರಲಿಲ್ಲ ಅಂದರೆ ಒಳ್ಳೆಯದು. ಕಿವಿಗೆ ಹೋಗುವ ನರ ಆ ಜಾಗದಲ್ಲೇ ಹಾಯುತ್ತದೆ. ಸ್ಪರ್ಶ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಬಿಸಿ ಗೊತ್ತಾಗುವುದಿಲ್ಲ, ಹೇರ್ ಡ್ರೈಯರ್ ದೂರವಿಡಿ. ಭಾರದ ಜುಮಕಿಯೂ ಸದ್ಯಕ್ಕೆ ಬೇಡ, ಹಾಲೆ ಕೆಳಗೆ ಎಳೆದು ಗೆರೆ ಅಗಲವಾಗುತ್ತದೆ. ಕೀವು, ಜ್ವರ, ದಿಢೀರ್ ಬಾವು ಇದರಲ್ಲಿ ಯಾವುದೇ ಕಂಡರೂ ಅದೇ ದಿನ ಸರ್ಜನ್‌ಗೆ ಫೋನ್ ಮಾಡಿ. ಇಲ್ಲದಿದ್ದರೆ ಒಂದು ತಿಂಗಳ ಬಳಿಕ ಫೋಟೋ ತೆಗೆದು ಅವರಿಗೆ ಕಳಿಸಿ, ಇಲ್ಲೂ ತಿಳಿಸಿ.