ಮೊಮ್ಮಗುವಿನ ಹೊದಿಕೆ ಮೇಲೆ ಹೋದ ಹಾಗೆ ಕಿರಿದಾಗುತ್ತಿದೆ, ಗೊತ್ತಿದ್ದವರು ಹೇಳಿ

ಬದಿಯಡ್ಕದಿಂದ:
ಗುಂಪಿನ ಎಲ್ಲರಿಗೂ ನಮಸ್ಕಾರ. ಮಗಳು ಟೊರೊಂಟೊದಲ್ಲಿದ್ದಾಳೆ. ಜನವರಿಯಲ್ಲಿ ಹೆರಿಗೆ, ಚೊಚ್ಚಲು. ಬಾಣಂತನಕ್ಕೆ ನಾನೇ ಹೋಗುವುದು, ವೀಸಾ ಬಂದಾಗಿದೆ. ಇಲ್ಲೇ ಆಗಿದ್ದರೆ ಹಳೇ ಕಾಟನ್ ಸೀರೆ ಮಡಚಿ ಹೊಲಿದರೆ ಮುಗಿಯಿತು. ಅಲ್ಲಿನ ಚಳಿಗೆ ಅದು ಎಲ್ಲಿ ಸಾಕಾಗುತ್ತದೆ? ಹಾಗಾಗಿ ಕ್ರೋಶೆಯಲ್ಲಿ (ಕೊಕ್ಕೆ ಕಡ್ಡಿ, ಅಂದರೆ ಹುಕ್‌ನಿಂದ ದಾರ ಹೆಣೆಯುವುದು) ಒಂದು ಹೊದಿಕೆ ಮಾಡುವ ಅಂತ ಹೊರಟಿದ್ದೇನೆ. ಇಷ್ಟರವರೆಗೆ ಹುಕ್ ಹಿಡಿದವಳಲ್ಲ. ವಿಡಿಯೊ ನೋಡಿ ಚೈನ್ (ಸರಪಳಿಯ ಹಾಗೆ ಸಾಲು ಕುಣಿಕೆ) ಹಾಕಲು ಬಂತು, ಡಬಲ್ ಕ್ರೋಶೆ ಅನ್ನುವ ಎತ್ತರದ ಹೊಲಿಗೆಯೂ ಬಂತು. ಆದರೆ ಒಂದು ಗೇಣು ಮೇಲೆ ಹೋಗುವಷ್ಟರಲ್ಲಿ ಬುಡ ಅಗಲ, ತಲೆ ಕಿರಿದು. ಬಿಚ್ಚಿ ಬಿಚ್ಚಿ ದಾರವೆಲ್ಲ ಜುಂಗು ಎದ್ದಿದೆ. ಎಲ್ಲಿ ತಪ್ಪುತ್ತಿದೆ? ಯಾವ ದಾರ ಒಳ್ಳೆಯದು, ಎಷ್ಟು ಬೇಕು?

ಇನ್ನೊಂದು ಚಿಂತೆಯೂ ಉಂಟು. ಅಳಿಯ ಪಾಲಕ್ಕಾಡಿನವರು. ಮನೆಯಲ್ಲಿ ಅವರಿಬ್ಬರದು ಇಂಗ್ಲಿಷೇ ಜಾಸ್ತಿ. ಮಗು ನಾಳೆ ನನ್ನ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತದೋ. ಅದಿರಲಿ, ಮೊದಲು ಹೊದಿಕೆಯದ್ದು ಹೇಳಿ.

ಉಪ್ಪಳದಿಂದ:
ಅಕ್ಕಾ, ದಾರದ್ದು ನಾನು ಹೇಳುತ್ತೇನೆ. ಮಗುವಿಗೆ ಅಂದರೆ ಮೆತ್ತಗಿನ ಅಕ್ರಿಲಿಕ್ ತಗೊಳ್ಳಿ. ಅಪ್ಪಟ ಉಣ್ಣೆ ಬಿಸಿನೀರಿನಲ್ಲಿ ಮೆಷಿನ್‌ಗೆ ಬಿದ್ದರೆ ಕುಗ್ಗಿ ದಪ್ಪ ಆಗುತ್ತದೆ, ಬಾಣಂತಿ ಮನೆಯಲ್ಲಿ ಬಟ್ಟೆ ಬೇರೆ ಬೇರೆ ಮಾಡಿ ಒಗೆಯಲು ಯಾರಿಗೆ ಪುರುಸೊತ್ತು? ಕೂದಲು ಕೂದಲು ಎದ್ದ ದಾರ ಬೇಡವೇ ಬೇಡ, ಮಗುವಿನ ಬಾಯಿಗೆ ಹೋಗುತ್ತದೆ. ಮಧ್ಯಮ ದಪ್ಪದ ದಾರ, 5 ಅಥವಾ 5.5 ಮಿ.ಮೀ. ಹುಕ್. 30 ಇಂಚು ಅಗಲ, 36 ಇಂಚು ಉದ್ದ ಸಾಕು. 500-600 ಗ್ರಾಂ ಬೇಕಾಗಬಹುದು. ಎಲ್ಲ ಉಂಡೆ ಒಂದೇ ಸಲ ತಗೊಳ್ಳಿ. ಲೇಬಲ್ ಮೇಲೆ ಡೈ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ದಾರದ ಗುರುತು) ಅಂತ ಇರುತ್ತದೆ, ಅದು ಎಲ್ಲದರಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ಅದೇ ಹಳದಿ ಅಂತ ತಂದದ್ದು ಹೆಣೆದ ಮೇಲೆ ಪಟ್ಟೆ ಪಟ್ಟೆ ಕಾಣುತ್ತದೆ. ನಮ್ಮೂರಿನ ಸೆಕೆಗೆ ಅಂಗಡಿಯವರು ಉಲ್ಲನ್ ಜಾಸ್ತಿ ಇಡುವುದಿಲ್ಲ. ಮಂಗಳೂರಿಗೆ ಹೋದಾಗ ಹಂಪನಕಟ್ಟೆ ಕಡೆ ನೋಡಿ.

ಶಾರ್ಜಾದಿಂದ (ಊರು ಕುಂಬಳೆ):
ಅಕ್ಕಾ, ಇಷ್ಟೆಲ್ಲ ಕಷ್ಟ ಯಾಕೆ? ಅಲ್ಲಿ ಎಲ್ಲ ಸಿಗುತ್ತದೆ. ನಿಮ್ಮ ಕಣ್ಣು, ಬೆನ್ನು ನೋಡಿಕೊಳ್ಳಿ. ಭಾಷೆಯ ಚಿಂತೆಯೂ ಬೇಡ. ನಮ್ಮ ಇಬ್ಬರು ಮಕ್ಕಳೂ ಇಲ್ಲೇ ಹುಟ್ಟಿದವರು. ಮನೆ ಒಳಗೆ ಕನ್ನಡ ಮಾತ್ರ ಅಂತ ಮೊದಲ ದಿನದಿಂದ ಕಟ್ಟುನಿಟ್ಟು. ದೊಡ್ಡವಳು ಕನ್ನಡ ಪೇಪರ್ ಓದುತ್ತಾಳೆ. ಸಣ್ಣವನು ರಜೆಯಲ್ಲಿ ಊರಿಗೆ ಬಂದಾಗ ಯಕ್ಷಗಾನಕ್ಕೆ ಅಜ್ಜನ ಜೊತೆ ಬೆಳಗಿನವರೆಗೂ ಕೂತಿದ್ದ. ಮನಸ್ಸು ಮಾಡಿದರೆ ಆಗುತ್ತದೆ.

ಮಿಸಿಸಾಗಾದಿಂದ (ಊರು ಮುಳ್ಳೇರಿಯ):
ಅಮ್ಮಾ, ಖಂಡಿತ ಹೆಣೆಯಿರಿ. ಆದರೆ ಒಂದು ವಿಷಯ ಈಗಲೇ ಗೊತ್ತಿರಲಿ, ಇಲ್ಲಿಗೆ ಬಂದ ಮೇಲೆ ಮಗಳ ಜೊತೆ ಮಾತು ಬೆಳೆಯುವುದು ಬೇಡ. ಇಲ್ಲಿ ಒಂದು ವರ್ಷದ ಒಳಗಿನ ಮಗು ಮಲಗುವಾಗ ತೊಟ್ಟಿಲಲ್ಲಿ ಹೊದಿಕೆ, ದಿಂಬು, ಗೊಂಬೆ ಏನೂ ಇಡಬೇಡಿ ಅಂತ ಆಸ್ಪತ್ರೆಯಲ್ಲೇ ಹೇಳಿ ಕಳಿಸುತ್ತಾರೆ. ಮುಖದ ಮೇಲೆ ಬಂದರೆ ಮಗುವಿಗೆ ಸರಿಸಲು ಆಗುವುದಿಲ್ಲ, ಅದಕ್ಕೆ. ಮನೆ ಒಳಗೆ ಹೀಟರ್ ಇರುತ್ತದೆ, ಮೈಮುಚ್ಚುವ ಬಟ್ಟೆ ಹಾಕಿದರೆ ರಾತ್ರಿಗೆ ಸಾಕು.

ಹೊದಿಕೆ ಬೇಕಾಗುವುದು ಹೊರಗೆ. ಕಾರ್ ಸೀಟಿನಲ್ಲಿ ಮಗುವಿಗೆ ದಪ್ಪ ಜಾಕೆಟ್ ಹಾಕಿ ಬೆಲ್ಟ್ ಬಿಗಿಯಬಾರದು, ಬೆಲ್ಟ್ ಸಡಿಲ ನಿಲ್ಲುತ್ತದೆ. ತೆಳು ಬಟ್ಟೆಯಲ್ಲೇ ಬೆಲ್ಟ್ ಹಾಕಿ, ಅದರ ಮೇಲೆ ಎದೆಯವರೆಗೆ ಹೊದಿಸಬೇಕು. ನೀವು ಹೆಣೆದದ್ದು ದಿನಾ ಉಪಯೋಗಕ್ಕೆ ಬರುವುದು ಅಲ್ಲೇ. ಸ್ಟ್ರೋಲರ್‌ನಲ್ಲಿ ಕಾಲ ಮೇಲೆ, ನೀವು ಮಡಿಲಲ್ಲಿ ಹಾಕಿಕೊಂಡಾಗ, ನೆಲದ ಮೇಲೆ ಆಡಿಸುವಾಗ ಕೂಡ. ಕುಚ್ಚು, ಗುಂಡಿ, ಉಲ್ಲನ್ ಚೆಂಡು ಏನೂ ಕಟ್ಟಬೇಡಿ. ದೊಡ್ಡ ತೂತಿನ ಡಿಸೈನ್ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ.

ಮಂಜೇಶ್ವರದಿಂದ (ನಿವೃತ್ತ ಕನ್ನಡ ಮಾಷ್ಟ್ರು):
ತಂಗೀ, ನೀವು ಕೊನೆಗೆ ಬರೆದದ್ದನ್ನು ಮೊದಲು ಬರೆಯಬೇಕಿತ್ತು. ಹೊದಿಕೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ಕನ್ನಡ ಸಿಗುವುದಿಲ್ಲ. 1956ರ ನವೆಂಬರ್ 1ಕ್ಕೆ ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು. 1967ರಲ್ಲಿ ಗಡಿ ವಿವಾದಕ್ಕೆ ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ವರದಿ ಕೊಟ್ಟಿತು. ಅದು ವರದಿಯಾಗಿಯೇ ಉಳಿಯಿತು. ನಿಮ್ಮ ಬದಿಯಡ್ಕದಲ್ಲೇ ಇದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ಹೋದರು. ಕಾಸರಗೋಡು ಕರ್ನಾಟಕ ಸೇರುವುದನ್ನು ಕಾಣದೆ ಹೋದರು. ಗಡಿ ನಮ್ಮ ಕೈಯಲ್ಲಿಲ್ಲ. ಮನೆಯ ಮಾತು ನಮ್ಮ ಕೈಯಲ್ಲಿದೆ. ಸರ್ಕಾರಕ್ಕೆ ಆಗದ್ದನ್ನು ನಾವೇ ನಮ್ಮ ಕೈಯಿಂದ ಮಾಡಿಕೊಳ್ಳುತ್ತಿದ್ದೇವೆ ಅನ್ನುವುದು ನನ್ನ ಸಂಕಟ. ತಾಯಿ ಬದಿಯಡ್ಕದವಳಾಗಿ ಮಗುವಿಗೆ ಕನ್ನಡ ಬಾರದಿದ್ದರೆ ಅದಕ್ಕೆ ಯಾವ ಸರ್ಕಾರ ಕಾರಣ?

ನೀವು ಹೋಗಿ ಮಗುವನ್ನು ಎತ್ತಿಕೊಂಡ ಕ್ಷಣದಿಂದ ಕನ್ನಡ ಮಾತ್ರ ಮಾತಾಡಿ. ಅಳಿಯನಿಗೆ ಅರ್ಥ ಆಗಲಿಲ್ಲ ಅಂತ ಮಾತು ಬದಲಿಸಬೇಡಿ. ಎರೆಯುವಾಗ, ಉಣಿಸುವಾಗ, ತೂಗುವಾಗ ಎಲ್ಲ ಕನ್ನಡ. ಇಲ್ಲಿಗೆ ವಾಪಸ್ ಬಂದ ಮೇಲೆ ದಿನಾ ಫೋನ್, ಅದೂ ಮಗುವಿನ ಜೊತೆ. ಮಗಳ ಜೊತೆ ಅಲ್ಲ.

ಹೊಸೂರಿನಿಂದ:
ಮಾಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಎಲ್ಲವನ್ನೂ ತಾಯಂದಿರ ತಲೆಗೆ ಕಟ್ಟಬೇಡಿ ಸರ್. ತಮಿಳುನಾಡಿನಲ್ಲಿ 2006ರ ಕಾಯ್ದೆ ಬಂದ ಮೇಲೆ ಹತ್ತನೇ ಕ್ಲಾಸಿನವರೆಗೂ ತಮಿಳು ಕಡ್ಡಾಯ. ನಿಮ್ಮ ಕೇರಳದಲ್ಲಿ ಮಲಯಾಳಂ ಕಡ್ಡಾಯದ ಕಾಯ್ದೆ 2017ರಲ್ಲಿ ಬಂತು. ಮಗು ಆರು ಗಂಟೆ ಶಾಲೆಯಲ್ಲಿರುತ್ತದೆ, ಆಮೇಲೆ ಟ್ಯೂಷನ್. ಮನೆಯಲ್ಲಿ ಉಳಿಯುವ ಎರಡು ಗಂಟೆಯಲ್ಲಿ ತಾಯಿ ಅಡುಗೆ ಮಾಡಬೇಕೋ, ಕಾಗುಣಿತ ಕಲಿಸಬೇಕೋ?

ಮಂಜೇಶ್ವರದಿಂದ:
ಎರಡೂ ಮಾಡಬಹುದು. ತಂದೆ ಎಲ್ಲಿ ಹೋದ? ನಾನು ತಾಯಿಯನ್ನು ದೂರಲಿಲ್ಲ, ಮನೆಯನ್ನು ದೂರಿದೆ. ಕನ್ನಡ ಮೀಡಿಯಂ ಶಾಲೆಯಲ್ಲಿ ಡಿವಿಷನ್ ಕಡಿಮೆ ಆಗುತ್ತಾ ಬಂದದ್ದನ್ನು ಎದುರು ನಿಂತು ನೋಡಿದವನು ನಾನು. ಹಾಜರಿ ಪುಸ್ತಕದಲ್ಲಿ ಹೆಸರು ಕೂಗುವಾಗ ಒಂದು ಪುಟ ತಿರುಗಿಸಬೇಕಿತ್ತು ಮೊದಲು. ಆಮೇಲೆ ಅರ್ಧ ಪುಟಕ್ಕೇ ಮುಗಿಯುತ್ತಿತ್ತು. ಮಕ್ಕಳು ಊರಲ್ಲೇ ಇದ್ದರು. ಹಳದಿ ಬಸ್ಸಿನಲ್ಲಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಿದ್ದರು.

ಶಾರ್ಜಾದಿಂದ:
ನಮ್ಮ ಮಕ್ಕಳು ಇಂಗ್ಲಿಷ್ ಮೀಡಿಯಂ. ಕನ್ನಡವೂ ಬರುತ್ತದೆ. ಶಾಲೆಗೂ ಇದಕ್ಕೂ ಸಂಬಂಧ ಇಲ್ಲ ಮಾಷ್ಟ್ರೇ.

ಮಂಜೇಶ್ವರದಿಂದ:
ನಿಮ್ಮ ಮನೆ ಒಂದು ಮನೆ. ಒಂದು ಮನೆಯಿಂದ ಶಾಲೆ ನಡೆಯುವುದಿಲ್ಲ.

ಅಕ್ಕಲಕೋಟೆಯಿಂದ:
ಎಲ್ಲರಿಗೂ ಶರಣು. ನಮ್ಮ ಕಡೆ ಮರಾಠಿ, ನಿಮ್ಮ ಕಡೆ ಮಲಯಾಳಂ, ಕಥೆ ಒಂದೇ. ಬದಿಯಡ್ಕದ ತಾಯಿಯವರ ಪೋಸ್ಟ್ ಓದಿ ನನಗೆ ನಮ್ಮವ್ವನ ಕೌದಿ ನೆನಪಾಯಿತು. ಹಳೇ ಸೀರೆ, ಧೋತರ ಪದರ ಪದರ ಹಾಸಿ ಅಂಗಳದಲ್ಲಿ ಕೂತರೆ ಸುತ್ತಲಿಂದ ಹೊಲಿಯುತ್ತಾ ಒಳಗೆ ಬರುತ್ತಿದ್ದಳು. ದಾರ ಮುಗಿದಾಗ ಸೂಜಿಗೆ ಪೋಣಿಸಿ ಕೊಡುವುದು ನನ್ನ ಕೆಲಸ. ನನ್ನ ಮಗ ಪುಣೆಯಲ್ಲಿ ಹುಟ್ಟಿದಾಗ ಅವಳು ಒಂದು ಕಳಿಸಿದ್ದಳು. ಮನೆಯವರು ಹಳೇ ಬಟ್ಟೆ ಅಂತ ಒಳಗೆ ಇಟ್ಟರು. ನಾನೂ ಸುಮ್ಮನಿದ್ದೆ. ಈಗ ಅವ್ವ ಇಲ್ಲ. ಮಗನಿಗೆ ಮರಾಠಿ ಮತ್ತು ಇಂಗ್ಲಿಷ್ ಬರುತ್ತದೆ, ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ತಾಯೀ, ನೀವು ಹೆಣೆಯಿರಿ. ಅಂಗಡಿಯದ್ದು ಬೇಡ.

ಬದಿಯಡ್ಕದಿಂದ:
ಎಲ್ಲರದ್ದೂ ಓದಿದೆ. ಮಾಷ್ಟ್ರು ಹೇಳಿದ ಹಾಗೆಯೇ ಮಾಡುತ್ತೇನೆ, ನನಗೆ ಬೇರೆ ಭಾಷೆ ಅಷ್ಟು ಬರುವುದೂ ಇಲ್ಲ. ಮಿಸಿಸಾಗಾದ ತಂಗಿ ಹೇಳಿದ್ದು ತುಂಬಾ ಉಪಕಾರ ಆಯಿತು. ನಾನು ರಾತ್ರಿ ಹೊದೆಸಲಿಕ್ಕೆ ಅಂತಲೇ ದೊಡ್ಡದು ಮಾಡುವವಳಿದ್ದೆ. ಈಗ ಸಣ್ಣದೇ ಸಾಕು. ಆದರೆ ಕಿರಿದಾಗುವುದು ಯಾಕೆ ಅಂತ ಯಾರೂ ಹೇಳಲಿಲ್ಲ.

ಹೊಸೂರಿನಿಂದ:
ದಾರ ಬಿಗಿ ಹಿಡಿಯುತ್ತಿದ್ದೀರಿ ಅನಿಸುತ್ತದೆ ಅಮ್ಮಾ. ಸಡಿಲ ಬಿಡಿ. ಮಾಷ್ಟ್ರೇ, ಹಳದಿ ಬಸ್ಸಿನ ಮಾತಿಗೆ ಬರುತ್ತೇನೆ. ಕನ್ನಡ ಮೀಡಿಯಂ ಓದಿದ ಹುಡುಗನಿಗೆ ನಮ್ಮ ಕಡೆ ಕೆಲಸ ಯಾರು ಕೊಡುತ್ತಾರೆ? ಅದಕ್ಕೆ ಉತ್ತರ ಕೊಡಿ. ಕರ್ನಾಟಕಕ್ಕೆ ಬಂದರೆ ಹೊರಗಿನವನು, ಇಲ್ಲಿ ಇದ್ದರೂ ಹೊರಗಿನವನು.

ಮಂಜೇಶ್ವರದಿಂದ:
ಕೆಲಸಕ್ಕೆ ಇಂಗ್ಲಿಷ್ ಕಲಿಯಲಿ, ಬೇಡ ಅಂದವರು ಯಾರು? ನಾನೇ ಮಕ್ಕಳಿಗೆ ಬೆಳಗ್ಗೆ ಬೇಗ ಕರೆಸಿ ಇಂಗ್ಲಿಷ್ ಗ್ರಾಮರ್ ಹೇಳಿಕೊಟ್ಟಿದ್ದೇನೆ. ನಾನು ಕೇಳುವುದು ಇಷ್ಟೇ. ಅಜ್ಜಿ ಒಂದು ಕಥೆ ಹೇಳಿದರೆ ಮೊಮ್ಮಗುವಿಗೆ ತಿಳಿಯಬೇಕು. ಈ ಗುಂಪಿನಲ್ಲಿ ಇರುವವರಲ್ಲಿ ಎಷ್ಟು ಜನರ ಮಕ್ಕಳು ಈ ಚರ್ಚೆಯನ್ನು ಓದಬಲ್ಲರು? ಕೈ ಎತ್ತಿ.

(ಇದರ ಕೆಳಗೆ ಉದ್ದಕ್ಕೆ ಉತ್ತರಗಳು ಬಂದವು. ಕೆಲವರು ಮಕ್ಕಳು ಬರೆದ ಕನ್ನಡದ ಫೋಟೊ ಹಾಕಿದರು, ಕೆಲವರು ಸಿಟ್ಟಾದರು.)

ಪೆರ್ಲದಿಂದ (ಟೈಲರಿಂಗ್ ಟೀಚರ್):
ಅಕ್ಕಾ, ಈಗ ನೋಡಿದೆ. ದಾರ ಬಿಗಿ ಆದದ್ದು ಅಲ್ಲ. ಬಿಗಿ ಆದರೆ ಬಟ್ಟೆ ಇಡೀ ಗಟ್ಟಿಯಾಗುತ್ತದೆ, ಓರೆಯಾಗುವುದಿಲ್ಲ. ನಿಮಗೆ ಸಾಲಿನ ಕೊನೆಯ ಹೊಲಿಗೆ ತಪ್ಪಿ ಹೋಗುತ್ತಿದೆ.

ಡಬಲ್ ಕ್ರೋಶೆಯಲ್ಲಿ ತಿರುಗುವಾಗ 3 ಚೈನ್ ಹಾಕುತ್ತೀರಿ ಅಲ್ವಾ? ಆ 3 ಚೈನೇ ಹೊಸ ಸಾಲಿನ ಮೊದಲ ಹೊಲಿಗೆ ಅಂತ ಲೆಕ್ಕ. ಅದರ ಬುಡದಲ್ಲಿರುವ ಹೊಲಿಗೆಗೆ ಮತ್ತೆ ಹುಕ್ ಹಾಕಬಾರದು, ಪಕ್ಕದ್ದರಿಂದ ಶುರು ಮಾಡಬೇಕು. ಇಷ್ಟನ್ನು ವಿಡಿಯೊದಲ್ಲಿ ಹೇಳುತ್ತಾರೆ. ಸಾಲಿನ ಇನ್ನೊಂದು ತುದಿಗೆ ಬಂದಾಗ, ಕೆಳಗಿನ ಸಾಲಿನ 3 ಚೈನ್ ಅಲ್ಲಿ ನಿಂತಿರುತ್ತದೆ. ಅದರ ನೆತ್ತಿಗೆ ಒಂದು ಡಬಲ್ ಹಾಕಲೇಬೇಕು. ಆ ಚೈನ್ ಬೇರೆ ಹೊಲಿಗೆಗಳಿಗಿಂತ ತೆಳ್ಳಗೆ, ಸ್ವಲ್ಪ ಹೊರಕ್ಕೆ ವಾಲಿಕೊಂಡು ಇರುತ್ತದೆ. ಕಣ್ಣಿಗೆ ಹೊಲಿಗೆಯ ಹಾಗೆ ಕಾಣುವುದೇ ಇಲ್ಲ. ಸಾಲು ಮುಗಿಯಿತು ಅಂತ ತಿರುಗಿಸಿಬಿಡುತ್ತೇವೆ. ಪ್ರತಿ ಸಾಲಿಗೂ ಒಂದೊಂದು ಹೀಗೆ ಹೋದರೆ ಮೇಲೆ ಕಿರಿದಾಗದೆ ಇನ್ನೇನಾಗುತ್ತದೆ?

3 ಚೈನ್ ಹಾಕಿದ ಕೂಡಲೇ ಅದರ ಮೂರನೇ ಚೈನ್‌ಗೆ ಒಂದು ಸೇಫ್ಟಿ ಪಿನ್ ಹಾಕಿ. ಮುಂದಿನ ಸಾಲಿನಲ್ಲಿ ಆ ಪಿನ್ ಇದ್ದ ಜಾಗಕ್ಕೇ ಕೊನೆಯ ಹೊಲಿಗೆ. ಆಮೇಲೆ ಪಿನ್ ತೆಗೆದು ಮೇಲಿನದಕ್ಕೆ ಹಾಕಿ. ಹೊಲಿಗೆ ಎಷ್ಟು ಅಂತ ಚೀಟಿಯಲ್ಲಿ ಬರೆದಿಟ್ಟು, ಪ್ರತಿ ಸಾಲು ಮುಗಿದಾಗ ಎಣಿಸಿ. ಬೇಜಾರಾದರೂ ಎಣಿಸಿ.

ಇನ್ನೊಂದು, ಮೊದಲ ಚೈನ್ ಸಾಲನ್ನು ಒಂದು ಸೈಜ್ ದೊಡ್ಡ ಹುಕ್‌ನಲ್ಲಿ ಹಾಕಿ. ಕಲಿಯುವವರ ಚೈನ್ ಬಿಗಿ ಇರುತ್ತದೆ, ಬುಡ ಎಳೆದುಕೊಳ್ಳುತ್ತದೆ. ಹೊಸ ಉಂಡೆ ಸೇರಿಸುವುದು ಸಾಲಿನ ತುದಿಯಲ್ಲಿ. ಬರೀ ಗಂಟು ಹಾಕಿ ಕತ್ತರಿಸಬೇಡಿ, ಒಗೆದಾಗ ಬಿಚ್ಚುತ್ತದೆ. ಒಂದು ಗೇಣು ದಾರ ಬಿಟ್ಟು ದಪ್ಪ ಸೂಜಿಯಲ್ಲಿ ಹೊಲಿಗೆಗಳ ಒಳಗೆ ಹೋಗಿ ಬಂದು ಮಾಡಿ. ವಿಡಿಯೊ ಒಬ್ಬರದ್ದೇ ನೋಡಿ. ಅಮೆರಿಕದವರು ಡಬಲ್ ಅನ್ನುವುದನ್ನು ಬ್ರಿಟನ್‌ನವರು ಟ್ರೆಬಲ್ ಅನ್ನುತ್ತಾರೆ, ಎರಡೂ ನೋಡಿದರೆ ತಲೆ ಕೆಡುತ್ತದೆ.

ಇಷ್ಟಾದರೂ ಅಂಚು ನಿಲ್ಲದಿದ್ದರೆ ಸಾಲು ಬಿಟ್ಟುಬಿಡಿ, ಒಂದೇ ದೊಡ್ಡ ಗ್ರಾನಿ ಸ್ಕ್ವೇರ್ ಮಾಡಿ. ನಡುವಿನಿಂದ ಶುರುವಾಗಿ ಸುತ್ತ ಬೆಳೆಯುತ್ತದೆ. ಮೂಲೆಗೆ ಮೂರು ಡಬಲ್, ಎರಡು ಚೈನ್, ಮತ್ತೆ ಅಲ್ಲಿಗೇ ಮೂರು ಡಬಲ್. ನಡುವಿನ ಪ್ರತಿ ಸಂದಿಗೆ ಮೂರು ಡಬಲ್. ತಿರುಗಿಸುವ ಕೆಲಸವೇ ಇಲ್ಲ, ತುದಿ ತಪ್ಪುವ ಪ್ರಶ್ನೆಯೂ ಇಲ್ಲ. ಸಾಕು ಅನ್ನಿಸಿದ ಕಡೆ ನಿಲ್ಲಿಸಬಹುದು, ಹೊರಡುವ ದಿನ ಹತ್ತಿರ ಬಂದವರಿಗೆ ಅದು ದೊಡ್ಡ ಅನುಕೂಲ. ತೂತು ಸ್ವಲ್ಪ ಜಾಸ್ತಿ ಬರುತ್ತದೆ, ಅದಕ್ಕೆ ಹುಕ್ ಸಣ್ಣದು ತಗೊಳ್ಳಿ. ತಂಗಿ ಬೆರಳಿನ ವಿಷಯ ಹೇಳಿದ್ದಾಳೆ, ಅದು ಸರಿಯಾದ ಮಾತು. ನಾನಾದರೆ ನಿಮ್ಮ ಸಾಲಿನದ್ದನ್ನೇ ಸರಿ ಮಾಡಿಸುತ್ತೇನೆ. ಶನಿವಾರ ಪೆರ್ಲಕ್ಕೆ ಬನ್ನಿ, ತೋರಿಸಿಕೊಡುತ್ತೇನೆ.

ಶಾರ್ಜಾದಿಂದ:
ಟೀಚರ್, ನಿಮ್ಮ ಕ್ಲಾಸ್ ಆನ್‌ಲೈನ್ ಉಂಟಾ? ನಮ್ಮ ದೊಡ್ಡವಳಿಗೆ ಆಸಕ್ತಿ ಉಂಟು. ಕನ್ನಡದಲ್ಲೇ ಹೇಳಿಕೊಡಿ.

ಮಂಜೇಶ್ವರದಿಂದ:
ಕೈ ಎತ್ತಿದವರ ಲೆಕ್ಕ ಮಾಡಿದ್ದೇನೆ. ಸಾಲದು. ನವೆಂಬರ್ ಒಂದಕ್ಕೆ ಧ್ವಜ ಹಾರಿಸಿ ಫೋಟೊ ಹಾಕುವವರು ಆ ದಿನ ಮಕ್ಕಳಿಂದ ಒಂದು ಪುಟ ಓದಿಸಿ ಆಡಿಯೊ ಹಾಕಿ. ನಾನು ತಿದ್ದಿಕೊಡುತ್ತೇನೆ.

ಬದಿಯಡ್ಕದಿಂದ:
ಟೀಚರ್, ನೀವು ಹೇಳಿದ ಹಾಗೆ ಪಿನ್ ಹಾಕಿ ನೋಡಿದೆ. ತುದಿಯಲ್ಲಿ ಆ ತೆಳ್ಳಗಿನದ್ದು ಹೌದು, ಇಷ್ಟು ದಿನ ನಾನು ಅದನ್ನು ದಾರದ ಎಳೆ ಅಂತಲೇ ತಿಳಿದಿದ್ದೆ. ಈಗ ಅಂಚು ನೇರ ಬರುತ್ತಿದೆ. ಶನಿವಾರ ಬರುತ್ತೇನೆ. ಸುತ್ತ ಬಿಳಿ ಅಂಚು ಕೊಡಬೇಕು ಅಂತ ಆಸೆ. ಬಿಳಿ ಅಲ್ಲಿಯೇ ತಗೊಳ್ಳಲಾ, ಇಲ್ಲಿಂದ ತರಲಾ?

ಮಿಸಿಸಾಗಾದಿಂದ:
ಇಲ್ಲಿ ಸಿಗುತ್ತದೆ ಅಮ್ಮಾ, ಆದರೆ ದಪ್ಪ ಹೊಂದಬೇಕು. ಅದೇ ಕಂಪನಿಯ ಬಿಳಿ ಉಂಡೆ ಅಲ್ಲಿಂದಲೇ ತನ್ನಿ. ಎಲ್ಲ ಮುಗಿದ ಮೇಲೆ ಒಂದು ಸಲ ಒಗೆದು ತನ್ನಿ. ಇಸ್ತ್ರಿ ಮಾತ್ರ ಇಡಬೇಡಿ, ಅಕ್ರಿಲಿಕ್ ಬಿಸಿಗೆ ಚಪ್ಪಟೆಯಾಗಿ ಜೋತುಬಿಡುತ್ತದೆ, ಮತ್ತೆ ಸರಿಯಾಗುವುದಿಲ್ಲ.