ಸತುವಿನ ಮೈನ್‌ಸ್ವೀಪರ್ ಬ್ಯಾಡ್ಜ್: ಗಿಲೀಟು ಹೋಗಿರುವುದು ತೊಟ್ಟು ಸವೆದದ್ದರಿಂದಲೇ?

ಪ್ರಶ್ನೆ

ಎರಡನೇ ಮಹಾಯುದ್ಧದ ಕಾಲದ ಜರ್ಮನ್ ನೌಕಾಪಡೆಯ, ಕಡಲಿನ ಸ್ಫೋಟಕಗಳನ್ನು ತೆರವುಗೊಳಿಸುವ ಹಡಗುಗಳವರಿಗೆ ಕೊಡುತ್ತಿದ್ದ ಮೈನ್‌ಸ್ವೀಪರ್ ಬ್ಯಾಡ್ಜ್ ಒಂದು ಈಚೆಗೆ ನನ್ನ ಸಂಗ್ರಹಕ್ಕೆ ಸೇರಿದೆ. ಓಕ್ ಎಲೆಗಳ ಮಾಲೆ, ಅದರ ನೆತ್ತಿಯಲ್ಲಿ ರೆಕ್ಕೆ ಚಾಚಿದ ಹದ್ದು, ನಡುವೆ ಅಲೆಗಳ ಮೇಲೆ ಸ್ಫೋಟದಿಂದ ಎದ್ದ ನೀರಿನ ಕಂಬ, ಎಲ್ಲವೂ ಒಟ್ಟೊ ಪ್ಲಾಚೆಕ್ ರೂಪಿಸಿದ ವಿನ್ಯಾಸದಂತೆಯೇ ಇವೆ. ಲೋಹ ಸತು. ಮಾಲೆಯ ಮೇಲಿದ್ದ ಚಿನ್ನದ ಲೇಪ ಹೆಚ್ಚುಕಡಿಮೆ ಪೂರ್ತಿ ಹೋಗಿ ಬೂದುಬಣ್ಣ ಉಳಿದಿದೆ. ನಾವಿಕನೊಬ್ಬ ಯುದ್ಧದುದ್ದಕ್ಕೂ ತೊಟ್ಟು ಸವೆಸಿದ ಬ್ಯಾಡ್ಜ್ ಇದೆಂದು ಮಾರಿದವರು ಹೇಳಿದರು. ಆದರೆ ಎಲೆಗಳ ನರಗಳು ಇನ್ನೂ ಚೂಪಾಗಿವೆ, ಹದ್ದಿನ ಎದೆಯ ಗರಿಗಳನ್ನು ಒಂದೊಂದಾಗಿ ಗುರುತಿಸಬಹುದು. ಲೇಪ ಇಷ್ಟು ಹೋಗಿ ಉಬ್ಬುಗೆತ್ತನೆ ಹೀಗೆ ಉಳಿಯುವುದು ಸಾಧ್ಯವೇ? ಹಿಂಬದಿಯಲ್ಲಿ ತಯಾರಕರ ಗುರುತಿಲ್ಲ. ಪಿನ್ನಿನ ಬುಡದಲ್ಲಿ ಬಿಳಿಯ ಪುಡಿ ಕಟ್ಟಿದೆ. ಅದನ್ನು ಒರೆಸಬಹುದೇ?

ಉತ್ತರ 1

ಸಾಧ್ಯ ಮಾತ್ರವಲ್ಲ, ಸತುವಿನ ಬ್ಯಾಡ್ಜ್‌ಗಳಲ್ಲಿ ಅದೇ ಸಾಮಾನ್ಯ. ಈ ಬ್ಯಾಡ್ಜ್ 1940ರ ಆಗಸ್ಟ್ 31ರಂದು ಜಾರಿಗೆ ಬಂದಿತು. ಆರಂಭದವು ಬಹುಮಟ್ಟಿಗೆ ಟೊಂಬಾಕ್ ಎಂಬ, ತಾಮ್ರದ ಪಾಲು ಹೆಚ್ಚಿರುವ ಹಿತ್ತಾಳೆಯಲ್ಲಿ ತಯಾರಾದವು. ಯುದ್ಧ ಮುಂದುವರಿದು ತಾಮ್ರ ದುರ್ಲಭವಾದಂತೆ ಸತು ಅದರ ಜಾಗಕ್ಕೆ ಬಂದಿತು. ಟೊಂಬಾಕ್ ಮೇಲೆ ಚಿನ್ನ ಭದ್ರವಾಗಿ ಕೂರುತ್ತದೆ. ಸತುವಿನ ಮೇಲಿನ ತೆಳುವಾದ ತಾಮ್ರ ಮತ್ತು ಚಿನ್ನದ ಪದರಗಳಾದರೋ ವರ್ಷಗಳು ಕಳೆದಂತೆ ಕೆಳಗಿನ ಲೋಹದೊಳಗೆ ಬೆರೆತು ಕರಗಿಹೋಗುತ್ತವೆ, ಆದ್ದರಿಂದ ಯಾರೂ ತೊಡದೆ ಪೊಟ್ಟಣದಲ್ಲಿಯೇ ಉಳಿದ ಬ್ಯಾಡ್ಜ್ ಕೂಡ ಬೂದುಬಣ್ಣಕ್ಕೆ ತಿರುಗಿರುತ್ತದೆ.

ಹೀಗಾಗಿ ಲೇಪ ಎಷ್ಟು ಹೋಗಿದೆ ಎಂಬುದಕ್ಕಿಂತ ಎಲ್ಲಿಂದ ಹೋಗಿದೆ ಎಂಬುದನ್ನು ನೋಡಬೇಕು. ಉಜ್ಜಿ ಹೋದ ಚಿನ್ನ ಮೊದಲು ಎತ್ತರದ ಭಾಗಗಳಿಂದ ಹೋಗುತ್ತದೆ. ಎಲೆಗಳ ನಡುವಿನ ತಗ್ಗಿನಲ್ಲಿ, ಬಟ್ಟೆ ತಾಕದ ಸಂದುಗಳಲ್ಲಿ ಅದು ಉಳಿಯುತ್ತದೆ. ಲೋಹವೇ ನುಂಗಿದ ಚಿನ್ನಕ್ಕೆ ಎತ್ತರ, ತಗ್ಗು ಎಂಬ ಭೇದವಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು, ಬೆಳಕನ್ನು ಪಕ್ಕದಿಂದ ಓರೆಯಾಗಿ ಬೀಳಿಸಿ ಎರಡೂ ಭಾಗಗಳನ್ನು ಹೋಲಿಸಿ ನೋಡಿ. ನೀವು ಹೇಳುವಂತೆ ಗರಿಗಳು ಚೂಪಾಗಿದ್ದರೆ, ನಿಮ್ಮದು ಬಹಳ ತೊಟ್ಟ ಬ್ಯಾಡ್ಜ್ ಅಲ್ಲವೆಂದೇ ನನ್ನ ಅಭಿಪ್ರಾಯ. ಅದರಿಂದ ಅದು ನಕಲಿ ಎಂದಾಗುವುದಿಲ್ಲ. ಮಾರಿದವರ ಕಥೆಗೆ ಆಧಾರವಿಲ್ಲವೆಂದಷ್ಟೇ ಆಗುತ್ತದೆ.

ಉತ್ತರ 2

ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ತೊಟ್ಟದ್ದರ ಸಾಕ್ಷಿ ಹೆಚ್ಚಾಗಿ ಸಿಗುವುದು ಹಿಂಬದಿಯಲ್ಲಿ, ಮುಂಬದಿಯನ್ನು ಮಾತ್ರ ನೋಡಿ ತೀರ್ಮಾನಿಸುವುದು ಸರಿಯಲ್ಲ. ಈ ಬ್ಯಾಡ್ಜ್‌ಗಳನ್ನು ಎದೆಯ ಎಡಭಾಗದಲ್ಲಿ, ಪ್ರಥಮ ದರ್ಜೆಯ ಐರನ್ ಕ್ರಾಸ್ ಎಂಬ ಜರ್ಮನ್ ಶೌರ್ಯಪದಕ ಇದ್ದರೆ ಅದರ ಕೆಳಗೆ, ತೊಡುತ್ತಿದ್ದರು. ಅನೇಕರು ಅಂಗಿಗೆ ದಾರದ ಕುಣಿಕೆಗಳನ್ನು ಹೊಲಿಸಿಕೊಂಡು ಅವುಗಳೊಳಗೆ ಪಿನ್ ತೂರಿಸುತ್ತಿದ್ದರು. ದಿನವೂ ಹಾಕಿ ತೆಗೆದ ಬ್ಯಾಡ್ಜ್‌ನಲ್ಲಿ ಕೊಕ್ಕೆಯ ಒಳಮೈ ಪಿನ್ ಕೂರುವ ಜಾಗದಲ್ಲಿ ಮಾತ್ರ ನುಣುಪಾಗಿ ಹೊಳೆಯುತ್ತದೆ, ಕೀಲು ತುಸು ಸಡಿಲವಾಗಿರುತ್ತದೆ, ಉಣ್ಣೆಬಟ್ಟೆಗೆ ಒರಗುತ್ತಿದ್ದ ಅಂಚುಗಳು ಮೊಂಡಾಗಿರುತ್ತವೆ. ಮುಂಬದಿ ಬಹಳ ಸವೆದು, ಕೊಕ್ಕೆಯ ಒಳಗೆ ಗೀರೂ ಇಲ್ಲದಿದ್ದರೆ ನಾನು ಅಂಥದ್ದನ್ನು ಕೊಳ್ಳುವುದಿಲ್ಲ.

ಬೇಕೆಂದೇ ಸವೆಸಿದವುಗಳನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಉಪ್ಪುಕಾಗದದಿಂದ ಉಜ್ಜಿದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ, ತಿರುಗುವ ಡಬ್ಬಿಯಲ್ಲಿ ಹಾಕಿ ಉರುಳಿಸಿದರೆ ಬಟ್ಟೆ ಎಂದೂ ತಲುಪದ ಕೀಲಿನ ಸಂದು ಕೂಡ ಸವೆದಿರುತ್ತದೆ. ಬಟ್ಟೆಯ ಸವೆತದಲ್ಲಿ ಗೀರುಗಳು ಅತಿ ಸಣ್ಣವು, ನಾನಾ ದಿಕ್ಕಿನವು.

ಉತ್ತರ 3

ತಯಾರಕರ ಗುರುತಿಲ್ಲವೆಂಬುದಕ್ಕೆ ಚಿಂತೆ ಬೇಡ. ಗುರುತಿಲ್ಲದ ಅಸಲಿಗಳೂ ಇವೆ, ಗುರುತು ಹಾಕಿದ ನಕಲಿಗಳೂ ಇವೆ. ನಾನು ಅದಕ್ಕಿಂತ ಅಳತೆಯನ್ನು ನಂಬುತ್ತೇನೆ: ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲು, ಲೋಹ ಆರುವಾಗ ಕುಗ್ಗುವುದರಿಂದ, ಮೂಲಕ್ಕಿಂತ ತುಸು ಚಿಕ್ಕದಾಗಿರುತ್ತದೆ. ಮೇಲ್ಮೈಯಲ್ಲಿ ಸಣ್ಣ ಗುಳ್ಳೆಗಳು ಕಂಡ ಮಾತ್ರಕ್ಕೆ ನಕಲೆಂದು ತೀರ್ಮಾನಿಸಬೇಡಿ, ಯುದ್ಧಕಾಲದ ಸತುವಿನ ಬ್ಯಾಡ್ಜ್‌ಗಳಲ್ಲಿಯೇ ಎರಕದವು ಇದ್ದವು. ಈ ಒಂದು ಅಂಶವನ್ನು ಹೊಸ ಸಂಗ್ರಾಹಕರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲವೆಂಬ ಬೇಸರ ನನಗಿದೆ.

ಹದ್ದಿನ ಕಾಲ ಕೆಳಗಿನ ಸ್ವಸ್ತಿಕವನ್ನೂ ಪರೀಕ್ಷಿಸಿ. 1957ರ ಕಾನೂನಿನಂತೆ ಪಶ್ಚಿಮ ಜರ್ಮನಿಯಲ್ಲಿ ಯುದ್ಧಕಾಲದ ಪದಕಗಳನ್ನು ಆ ಚಿಹ್ನೆಯಿಲ್ಲದ ರೂಪದಲ್ಲಿ ಮಾತ್ರ ತೊಡಬಹುದಾಗಿತ್ತು. ಚಿಹ್ನೆಯನ್ನು ಅರದಿಂದ ತೆಗೆದ ಹಳೆಯ ಬ್ಯಾಡ್ಜ್‌ಗಳೂ ಸಿಗುತ್ತವೆ, ಅವುಗಳಲ್ಲಿನ ಅರದ ಗೀರನ್ನು ಸಹಜ ಸವೆತವೆಂದು ಓದಬಾರದು.

ಪ್ರಶ್ನಿಸಿದವರ ಮರುನುಡಿ

ಮಸೂರದಲ್ಲಿ ನೋಡಿದೆ. ತಗ್ಗಿನಲ್ಲಿಯೂ ಎತ್ತರದಲ್ಲಿಯೂ ಲೇಪ ಒಂದೇ ಬಗೆಯಲ್ಲಿ ಮಾಸಿದೆ. ಹದ್ದಿನ ರೆಕ್ಕೆಯ ಬುಡದಲ್ಲಿ ಮಾತ್ರ ಮಸುಕಾದ ಹಳದಿ ಉಳಿದಿದೆ. ಕೊಕ್ಕೆಯೊಳಗೆ ಕೂದಲೆಳೆಯಷ್ಟು ಅಗಲದ, ನುಣುಪಾದ ಒಂದು ಗೆರೆಯಿದೆ; ಪಿನ್ ಮುಚ್ಚಿದಾಗ ಸರಿಯಾಗಿ ಅದರ ಮೇಲೆಯೇ ಕೂರುತ್ತದೆ. ಯಾರೋ ಕೆಲವು ಕಾಲ ತೊಟ್ಟಿದ್ದಾರೆ, ಯುದ್ಧದುದ್ದಕ್ಕೂ ಅಲ್ಲ ಎಂದು ಬರೆದಿಟ್ಟುಕೊಳ್ಳುತ್ತೇನೆ. ಬಿಳಿ ಪುಡಿಯ ಬಗ್ಗೆ ಏನು ಹೇಳುತ್ತೀರಿ?

ಉತ್ತರ 1

ಅದು ಸತುವಿನ ತುಕ್ಕು. ಒಣಗಿದ ಮೃದು ಕುಂಚದಿಂದ ಸಡಿಲವಾದಷ್ಟನ್ನು ಮಾತ್ರ ತೆಗೆಯಿರಿ, ಪಾಲಿಷ್, ಅಮೋನಿಯಾ, ನಿಂಬೆರಸ ಯಾವುದನ್ನೂ ದಯವಿಟ್ಟು ಮುಟ್ಟಿಸಬೇಡಿ, ರೆಕ್ಕೆಯ ಬುಡದ ಆ ಹಳದಿ ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ಓಕ್ ಮರದ ಪೆಟ್ಟಿಗೆಯಲ್ಲಿಟ್ಟಿದ್ದರೆ ಇಂದೇ ಹೊರಗೆ ತೆಗೆಯಿರಿ, ಆ ಮರದಿಂದ ಹೊರಡುವ ಆಮ್ಲದ ಆವಿ ಸತುವನ್ನು ತಿನ್ನುತ್ತದೆ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಜೊತೆಗಿಟ್ಟು ಮುಚ್ಚಿಡಿ, ಮುಟ್ಟುವಾಗ ಕೈಗವಸು ಇರಲಿ. ಪುಡಿ ಮತ್ತೆ ಕಾಣಿಸಿಕೊಂಡರೆ ತೇವ ಇನ್ನೂ ಒಳಗಿದೆ ಎಂದರ್ಥ, ಆಗ ಜೆಲ್ ಬದಲಿಸಿ.